ಒಂದೇ ನಂಬರಿನ ಎರಡು ಕಲ್ಲು

ಚಿನ್ನಯ್ಯನವರಿಗೆ ಕೊನೆಗಾಲದಲ್ಲಿ ತಲೆ ಕೆಟ್ಟಿತ್ತು ಎಂದು ಚಳ್ಳಕೆರೆ ಪೇಟೆಯಲ್ಲಿ ಈಗಲೂ ಆಡಿಕೊಳ್ಳುವವರಿದ್ದಾರೆ. ಅವರ ಬಾಯಿಗಿಷ್ಟು ಮಣ್ಣು ಬೀಳ. ಮುರುಗೇಂದ್ರಪ್ಪನವರ ಒಡವೆ ಅಂಗಡಿಯಲ್ಲಿ ಆ ಮನುಷ್ಯನ ಪಕ್ಕದ ಸ್ಟೂಲಿನಲ್ಲಿ ಕೂತು ಹನ್ನೊಂದು ವರ್ಷ ಬಿಲ್ಲು ಬರೆದವಳು ನಾನು, ನಾಗರತ್ನ. ಅವರ ತಲೆ ನೆಟ್ಟಗೇ ಇತ್ತು. ನೆಟ್ಟಗಿದ್ದುದರಿಂದಲೇ ಅಷ್ಟೊಂದು ಅನುಭವಿಸಿದರು.

ಮೊಳಕಾಲ್ಮೂರಿನ ನೇಕಾರರ ಮನೆಯವರು ಅವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನಲವತ್ತು ದಾಟುವವರೆಗೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದವರು. ಮೊಣಕಾಲು ಹಿಡಿದುಕೊಂಡು ಗುಂಡಿಗೆ ಇಳಿಯಲಾಗದೆ ಹೋದಾಗ ಮಗ್ಗವನ್ನು ಹೆಂಡತಿ ಅನ್ನಪೂರ್ಣಮ್ಮನಿಗೆ ಬಿಟ್ಟು ಚಳ್ಳಕೆರೆಗೆ ಬಂದು ನಮ್ಮ ಅಂಗಡಿ ಸೇರಿದರು. ಮಂಗಳವಾರ ಅಂಗಡಿಗೆ ರಜೆ. ಸೋಮವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಬುಧವಾರ ಬೆಳಗ್ಗೆ ಬರುತ್ತಿದ್ದರು. ಸೀರೆಯಲ್ಲಿ ಒಂದೆಳೆ ತಪ್ಪಿದರೆ ಆ ಕಡೆ ಗೋಡೆಯಿಂದಲೇ ಹೇಳುತ್ತಿದ್ದ ಕಣ್ಣು ಅವರದು. ಮುರುಗೇಂದ್ರಪ್ಪನವರು ಆ ಕಣ್ಣಿಗೊಂದು ಭೂತಗನ್ನಡಿ ಕೊಟ್ಟು ಹರಳು ನೋಡಲು ಕೂರಿಸಿದರು.

ಬಣ್ಣದ ವಿಷಯದಲ್ಲಿ ಅವರು ಮಗ್ಗದ ಮನೆಯ ಪದ್ಧತಿ ಬಿಟ್ಟವರಲ್ಲ. ಜೇಬಿನಲ್ಲಿ ಯಾವಾಗಲೂ ಅಂಗೈಯಗಲದ ಒಂದು ಬಿಳಿ ಬಟ್ಟೆ. "ಕೆಂಪಿನ ಮಗ್ಗುಲಲ್ಲಿ ಇಟ್ರೆ ಹಳದಿ ಒಂದು ಹೇಳ್ತದೆ, ಹಸಿರಿನ ಮಗ್ಗುಲಲ್ಲಿ ಇಟ್ರೆ ಇನ್ನೊಂದು ಹೇಳ್ತದೆ. ಬಿಳೀ ಬಟ್ಟೆ ಮ್ಯಾಲೆ, ಬೆಳಗಿನ ಬೆಳಕಲ್ಲಿ ಹಾಕು ತಂಗಿ, ಆಮೇಲೆ ಮಾತಾಡು" ಎನ್ನುತ್ತಿದ್ದರು. ಗಿರಾಕಿ ಎಷ್ಟೇ ಅವಸರ ಮಾಡಲಿ, ಆ ಬಟ್ಟೆ ಹಾಸದೆ ಒಂದು ಮಾತೂ ಹೊರಡುತ್ತಿರಲಿಲ್ಲ. ನನಗೆ ಎಷ್ಟೋ ಸಲ ಸಿಟ್ಟು ಬಂದು, "ಅಣ್ಣಾ, ಸಂತೆ ಮುಗೀತು, ನಿಮ್ಮ ಬಟ್ಟೆ ಮಡಚ್ರಿ" ಎಂದು ರೇಗಿದ್ದೂ ಉಂಟು.

ವಜ್ರ ಕೇಳುವವರು ನಮ್ಮೂರಲ್ಲಿ ವರ್ಷಕ್ಕೆ ಐದಾರು ಮಂದಿ. ಬಣ್ಣದ ವಜ್ರ ಕೇಳುವವರು ಇಲ್ಲವೆಂದೇ ಹೇಳಬೇಕು. ಆದರೆ ಕೇಳಿದರೆ ಮೈಯೆಲ್ಲ ಕಣ್ಣಾಗಿರಬೇಕು. ಬಣ್ಣ ಭೂಮಿಯಲ್ಲೇ ಬಂದದ್ದೋ, ಯಾರೋ ಕಾಯಿಸಿ ಬರಿಸಿದ್ದೋ ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ದೊಡ್ಡ ಊರುಗಳ ಪರೀಕ್ಷಾಲಯದವರು ಕಲ್ಲು ನೋಡಿ ಒಂದು ವರದಿ ಕೊಡುತ್ತಾರೆ. ತೂಕ ಇಷ್ಟು, ಬಣ್ಣ ಇಂಥದ್ದು, ಬಣ್ಣ ಹುಟ್ಟಿನದು ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ನಂಬರು ಹಾಕುತ್ತಾರೆ. ಅದೇ ನಂಬರನ್ನು ಕಲ್ಲಿನ ಅಂಚಿನ ಮೇಲೂ ಲೇಸರಿನಿಂದ ಕೊರೆದಿರುತ್ತಾರೆ, ಕೂದಲಿಗಿಂತ ಸಣ್ಣಗೆ. ನಾನು ಕಾಗದ ಓದುವವಳು, ಅವರು ಕಲ್ಲು ಓದುವವರು. ನಂಬರು ಕೂಡಬೇಕು, ತಕ್ಕಡಿಯಲ್ಲಿ ತೂಕ ಕೂಡಬೇಕು, ಬಿಳಿ ಬಟ್ಟೆಯ ಮೇಲೆ ಬಣ್ಣ ಕೂಡಬೇಕು. ಮೂರೂ ಕೂಡಿದ ಮೇಲೆ ಚಿನ್ನಯ್ಯ "ನಿಜ ಐತೆ" ಎನ್ನುತ್ತಿದ್ದರು. ನಂಬರನ್ನು ಮಾತ್ರ ತೆಲುಗಿನಲ್ಲೇ ಓದುತ್ತಿದ್ದರು. ಮಗ್ಗದ ಮೇಲೆ ಎಳೆ ಎಣಿಸಿದ ಬಾಯಿ, ಬೇರೆ ಭಾಷೆಯಲ್ಲಿ ಎಣಿಸಿದರೆ ತಪ್ಪುತ್ತದೆ ಎಂಬ ಭಯ ಅವರಿಗೆ.

ತಳಕಿನ ಆಚೆ ಗೊಲ್ಲರಹಟ್ಟಿಯ ಕ್ಯಾತಣ್ಣ ಕುರಿ ವ್ಯಾಪಾರದಲ್ಲಿ ಮೇಲೆ ಬಂದವರು. ಅವರಿಗೂ ಹೆಂಡತಿ ಜುಂಜಮ್ಮನಿಗೂ ಒಬ್ಬಳೇ ಮಗಳು, ಶಿಲ್ಪ. ಚಳ್ಳಕೆರೆ ಕಾಲೇಜಿಗೆ ಬರುತ್ತಿದ್ದಳು. ಸಂಜೆ ಬಸ್ಸಿಗೆ ಹೊತ್ತಿದ್ದರೆ ನಮ್ಮ ಅಂಗಡಿಗೆ ಬಂದು ನನ್ನ ಪಕ್ಕ ಕೂತು ಕಡಲೆಕಾಯಿ ಸುಲಿದು ಸುಲಿದು ಚಿನ್ನಯ್ಯನವರ ಕೈಗೆ ಹಾಕುತ್ತಿದ್ದಳು. ಮಾವ ಎಂದು ಕರೆಯುತ್ತಿದ್ದಳು. ಮಕ್ಕಳಿಲ್ಲದ ಚಿನ್ನಯ್ಯನವರಿಗೆ ಆ ಒಂದು ಮಾತು ಸಾಕಾಗಿತ್ತು. ಒಂದು ದಿನ ವ್ಯಾಪಾರಿಗಳು ಕಳಿಸಿದ ಪುಸ್ತಕದಲ್ಲಿ ಹಳದಿ ವಜ್ರದ ಚಿತ್ರ ನೋಡಿ, "ಅಕ್ಕಾ, ಅರಿಶಿನದ ನೀರು ಗಟ್ಟಿಯಾದಂಗೆ ಐತೆ ಇದು" ಎಂದಳು. ಆಮೇಲೆ ಬಂದಾಗಲೆಲ್ಲ ಅದೇ ಹಾಳೆ ತೆಗೆಯುತ್ತಿದ್ದಳು.

2002ರಲ್ಲಿ ಮದುವೆ ಗೊತ್ತಾಯಿತು. ಹಾಕಬೇಕಾದ್ದನ್ನೆಲ್ಲ ಹಾಕಿದ ಮೇಲೆ, ನಿನಗೆಂದು ಒಂದೇ ಒಂದು ಕೇಳು ಎಂದರಂತೆ ಕ್ಯಾತಣ್ಣ. ಅವಳು ಹಳದಿ ಕಲ್ಲಿನ ಉಂಗುರ ಕೇಳಿದಳು. "ನಮ್ಮ ಹಟ್ಟಿಯಾಗೆ ಯಾರೂ ಕೇಳದ್ದು ಕೇಳೈತೆ ನಮ್ಮ ಕೂಸು" ಎಂದು ನಗುತ್ತಾ ಬಂದು ಹೇಳಿದರು. ಬೆಂಗಳೂರಿನ ಒಬ್ಬ ದಲ್ಲಾಳಿಗೆ ಹೇಳಿ ತರಿಸಲು ಒಪ್ಪಿಕೊಂಡೆವು. ಬರಿ ಕಲ್ಲು ಕಳಿಸು, ಕಟ್ಟುವುದು ಇಲ್ಲಿ ಎಂದು ಚಿನ್ನಯ್ಯ ಎರಡೆರಡು ಸಲ ಫೋನು ಮಾಡಿಸಿದರು. ಆ ಪುಣ್ಯಾತ್ಮ ತಡಮಾಡಿ, ಮದುವೆಗೆ ಹಿಂದಿನ ದಿನ, ಅದೂ ಮಂಗಳವಾರ, ಕಲ್ಲನ್ನು ಚಿನ್ನದ ಉಂಗುರಕ್ಕೆ ಕಟ್ಟಿಯೇ ಕಳಿಸಿದ. ಚಿನ್ನಯ್ಯ ಮೊಳಕಾಲ್ಮೂರಿನಲ್ಲಿದ್ದರು. ಬಾಗಿಲಲ್ಲಿ ಕಾಯುತ್ತಿದ್ದ ಕ್ಯಾತಣ್ಣನ ಕೈಗೆ ಮುರುಗೇಂದ್ರಪ್ಪನವರು ಡಬ್ಬಿ ಇಟ್ಟು, "ನೀವು ನಡೀರಿ, ನಾಳೆ ಚಿನ್ನಯ್ಯ ಅಲ್ಲಿಗೇ ಬಂದು ನೋಡ್ತಾನೆ" ಎಂದು ಕಳಿಸಿಬಿಟ್ಟರು. ಕಾಗದ ಅಂಗಡಿಯಲ್ಲೇ ಉಳಿಯಿತು.

ಮರುದಿನ ನಾವಿಬ್ಬರೂ ಕಾಗದ, ಭೂತಗನ್ನಡಿ, ಸಣ್ಣ ತಕ್ಕಡಿ ಹೊತ್ತುಕೊಂಡು ಹಟ್ಟಿಗೆ ಹೋದೆವು. ಅಷ್ಟರಲ್ಲಿ ಜುಂಜಮ್ಮ ಉಂಗುರವನ್ನು ದೇವರ ಮುಂದಿನ ತಟ್ಟೆಗಿಟ್ಟು ಅರಿಶಿನ ಹಚ್ಚಿ ಮೀಸಲು ಮಾಡಿಯಾಗಿತ್ತು. ಇನ್ನು ಅದನ್ನು ಮುಟ್ಟುವವಳು ಮದುಮಗಳು ಮಾತ್ರ. ತೊಳೆಯುವ ಹಾಗಿಲ್ಲ, ಕಲ್ಲು ಬಿಚ್ಚುವ ಹಾಗಂತೂ ಇಲ್ಲವೇ ಇಲ್ಲ. ಚಿನ್ನಯ್ಯ ಬಿಳಿ ಬಟ್ಟೆ ತೆಗೆದು ನಿಂತೇ ಇದ್ದರು. ಹಟ್ಟಿಯ ಹಿರಿಯ ತಿಪ್ಪಯ್ಯ, "ದೇವ್ರಿಗಿಟ್ಟಿದ್ದನ್ನ ತೊಳಿಯೋದುಂಟೇನಪ್ಪಾ? ಮದುವೆ ಒಡವೆ ಮೀಟಿ ಕೀಳ್ತಾರಾ ಯಾರಾದ್ರೂ?" ಎಂದರು. ಅವರು ಕೇಳಿದ್ದು ತಪ್ಪಲ್ಲ. ಅವರ ನಡೆ ಅದು, ಅದರ ಮುಂದೆ ನಮ್ಮ ತಕ್ಕಡಿ ಯಾವ ಲೆಕ್ಕ?

ಕೊನೆಗೆ ಜುಂಜಮ್ಮ ತಟ್ಟೆ ಹಿಡಿದುಕೊಂಡರು. ಚಿನ್ನಯ್ಯ ಮುಟ್ಟದೆ ಬಗ್ಗಿ, ಅಂಚಿನ ಮೇಲಿನ ಪುಡಿ ಊದಿ, ಗಾಜು ಕಣ್ಣಿಗೊತ್ತಿಕೊಂಡರು. "ಒಕಟಿ, ಏಡು, ಸುನ್ನಾ, ನಾಲುಗು, ನಾಲುಗು, ತೊಮ್ಮಿದಿ, ಎನಿಮಿದಿ, ಮೂಡು." ಕಾಗದದಲ್ಲಿದ್ದುದೂ ಅದೇ, 17044983. ನಾನು ಮುಂದೆ ಓದಿದೆ: ತೂಕ ಮೂವತ್ತೆಂಟು ಸೆಂಟು, ಅಂದರೆ ಅರ್ಧ ಕ್ಯಾರೆಟ್ಟಿಗೂ ಕಡಿಮೆ, ಬಣ್ಣ ತಿಳಿ ಹಳದಿ. ತಟ್ಟೆಯಲ್ಲಿದ್ದುದು ತಿಳಿಯಾಗಿರಲಿಲ್ಲ, ಗಾಢವಾಗಿತ್ತು. ನಾನು ಅವರ ಮುಖ ನೋಡಿದೆ. "ಅರಿಶಿನ ಬಡ್ದೈತೆ ತಂಗಿ, ಸುತ್ತ ಚಿನ್ನ ಬೇರೆ" ಎಂದರು ಮೆಲ್ಲಗೆ. ನನಗೂ ಹೌದೆನ್ನಿಸಿತು. ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಶಿಲ್ಪ, "ನೋಡಿದ್ರಾ ಮಾವ? ನಿಜದ್ದಾ?" ಎಂದು ಕೇಳಿದಳು.

"ನೋಡ್ದೆ ಕಣವ್ವ. ನಿಜ ಐತೆ" ಎಂದರು ಚಿನ್ನಯ್ಯ.

ಆಮೇಲೆ ಅವಳು ಎರಡು ಸಲ ಅಂಗಡಿಗೆ ಬಂದಳು, ಉಂಗುರ ಬೆರಳಲ್ಲೇ ಇತ್ತು. ಎರಡು ನಿಮಿಷ ಬಿಚ್ಚಿ ಕೊಡವ್ವ ಎಂದರೆ ಮುಗಿಯುತ್ತಿತ್ತು. ಚಿನ್ನಯ್ಯ ಕೇಳಲಿಲ್ಲ. ಕೇಳಿದರೆ ಅವತ್ತು ನೋಡಿರಲಿಲ್ಲ ಎಂದು ಒಪ್ಪಿಕೊಂಡ ಹಾಗಲ್ಲವೇ? ಕೇಳಿ ಎಂದು ನಾನೂ ತಿವಿಯಲಿಲ್ಲ. ಬೇಡದ ಕಡೆಯೆಲ್ಲ ಬಾಯಿ ಹಾಕುವವಳು ಬೇಕಾದ ಕಡೆ ಸುಮ್ಮನಿದ್ದೆ.

ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಕಾಮಾಲೆ ಬಂತು. ನಾಟಿ ಔಷಧಿ, ದಾವಣಗೆರೆಯ ಆಸ್ಪತ್ರೆ, ಯಾವುದೂ ಹಿಡಿಯಲಿಲ್ಲ. ತವರಿಗೆ ತಂದರು, ಅಲ್ಲೇ ಹೋದಳು. ನಾವು ಹೋದಾಗ ಮಲಗಿಸಿದ್ದರು. ಕಣ್ಣಿನ ಬಿಳಿ, ಅಂಗೈ, ಉಗುರು ಎಲ್ಲ ಹಳದಿ. ಆ ಬೆರಳಿನಲ್ಲಿ ಆ ಕಲ್ಲು. ಯಾವುದು ಮೈಯ ಬಣ್ಣ, ಯಾವುದು ಕಲ್ಲಿನದು ಎಂದು ಗೊತ್ತಾಗದ ಹಾಗಿತ್ತು. ಗಂಡನ ಮನೆಯವರು ತಾಳಿ, ಸರ, ಓಲೆ ತೆಗೆದರು. ಊದಿದ ಬೆರಳಿನಿಂದ ಉಂಗುರ ಬರಲಿಲ್ಲ. ಯಾರೋ ಸೋಪು ತರಲು ಎದ್ದಾಗ ಕ್ಯಾತಣ್ಣ, "ಬಿಡ್ರಪ್ಪ. ಅದೊಂದು ಅವಳೇ ಬಾಯಿಬಿಟ್ಟು ಕೇಳಿದ್ದು. ಅವಳ ಜೊತೆಗೇ ಹೋಗ್ಲಿ" ಎಂದರು. ಹಟ್ಟಿಯ ಹೊರಗೆ ಅವರದೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿ, ನರಿ ಕೆದಕದಂತೆ ಮೇಲೆ ಕಲ್ಲು ಪೇರಿಸಿ ಗಾರೆ ಸುರಿದರು.

ಅಲ್ಲೇ ಜುಂಜಮ್ಮ ಚಿನ್ನಯ್ಯನವರ ತೋಳು ಹಿಡಿದು ಕೇಳಿದರು. "ಅದೂ ಮಣ್ಣಾಗ್ತೈತಾ ಅಪ್ಪಾ?"

"ಇಲ್ಲಕ್ಕ. ವಜ್ರಕ್ಕೆ ಮಣ್ಣು ಏನೂ ಮಾಡಂಗಿಲ್ಲ. ನಂಬರು ಸಮೇತ ಹಂಗೇ ಇರ್ತದೆ."

ಆ ತಾಯಿ ಅದನ್ನು ಹಿಡಿದುಕೊಂಡುಬಿಟ್ಟರು. ಅವರಿಗೆ ಓದು ಬಾರದು. ಪ್ರತಿ ವರ್ಷ ಕಾರ್ತಿಕದಲ್ಲಿ, ಮಗಳು ಹೋದ ದಿನ, ಮದುವೆಯ ದಿನ ನಾವು ಕೊಟ್ಟು ಬಂದಿದ್ದ ಆ ವರದಿಯ ಕಾಗದವನ್ನು ಮಗಳ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬರುತ್ತಿದ್ದರು. "ಓದಪ್ಪ" ಎನ್ನುತ್ತಿದ್ದರು. ಚಿನ್ನಯ್ಯ ತೆಲುಗಿನಲ್ಲಿ ಎಂಟು ಅಂಕಿ ಓದುತ್ತಿದ್ದರು. ಅಷ್ಟೇ. ಕಾಗದ ಮಡಚಿಕೊಂಡು ಹೊರಡುತ್ತಿದ್ದರು. ಮಣ್ಣೊಳಗೆ ಮಗಳದು ಏನೋ ಒಂದು ಕೆಡದೆ ಉಳಿದಿದೆ ಎಂದು ಕೇಳಿಕೊಂಡು ಹೋಗುವುದಕ್ಕೆ ಬರುತ್ತಿದ್ದರು, ಮತ್ತೇನಿಲ್ಲ.

2007ರ ಮಳೆಗಾಲ. ರಾಯದುರ್ಗದ ಗಿರಾಕಿಯೊಬ್ಬರು ನಿಶ್ಚಿತಾರ್ಥಕ್ಕೆ ಹಳದಿ ವಜ್ರ ಕೇಳಿದ್ದರು. ಸೂರತ್ತಿನ ವ್ಯಾಪಾರಿಯೊಬ್ಬನಿಂದ ಬಂತು, ಈ ಸಲ ಬಿಡಿ ಕಲ್ಲು, ವರದಿ ಸಮೇತ. ಮಧ್ಯಾಹ್ನ ಹನ್ನೆರಡು ಗಂಟೆ, ಅಂಗಡಿ ತುಂಬ ಜನ. ನಾನು ಕಾಗದ ಬಿಡಿಸುತ್ತಿದ್ದೆ. ಚಿನ್ನಯ್ಯ ಗಾಜು ಹಿಡಿದು ಶುರುಮಾಡಿದರು. "ಒಕಟಿ, ಏಡು, ಸುನ್ನಾ, ನಾಲುಗು..." ಅಲ್ಲಿ ನಿಂತರು. ಆಮೇಲೆ ಗಾಜು ಕೆಳಗಿಟ್ಟು, ಕಣ್ಣು ಮುಚ್ಚಿಕೊಂಡು, ಉಳಿದ ನಾಲ್ಕು ಅಂಕಿ ಹೇಳಿದರು. ನಾನು ಕಾಗದ ನೋಡಿದೆ. ಎಂಟೂ ಸರಿ. ಶಿಲ್ಪಳ ಉಂಗುರದ ನಂಬರು.

ಇಬ್ಬರಿಗೂ ಹೊಳೆದದ್ದು ಒಂದೇ: ಯಾರೋ ಮಣ್ಣು ಬಗೆದಿದ್ದಾರೆ. ಬೆರಳು ಕತ್ತರಿಸಿದರೋ ಏನೋ ಎಂದು ಚಿನ್ನಯ್ಯ ಗೊಣಗಿದರು. ಊಟ ಮಾಡದೆ ತಳಕಿನ ಬಸ್ಸು ಹತ್ತಿ ಹೋದವರು ಸಂಜೆ ವಾಪಸ್ ಬಂದರು. ನನ್ನ ಪಕ್ಕ ಕೂತು ಹೇಳಿದರು.

"ಪೇರಿಸಿದ ಕಲ್ಲು ಪೇರಿಸಿದಂಗೇ ಐತೆ ತಂಗಿ. ಗಾರೆ ಒಂದು ಬಿರುಕು ಬಿಟ್ಟಿಲ್ಲ. ಕಳ್ಳ ಬಂದಿದ್ರೇ ಚೆನ್ನಾಗಿತ್ತು."

ಎಂದರೆ ಶಿಲ್ಪಳ ಬೆರಳಿನ ಕಲ್ಲು ಅಲ್ಲೇ ಇದೆ. ಈ ಕಲ್ಲು ಇಲ್ಲಿದೆ. ನಂಬರು ಒಂದೇ. ಎರಡರಲ್ಲಿ ಒಂದು ಸುಳ್ಳು. ನಿಜದ ವರದಿಯ ನಂಬರನ್ನು ಸುಳ್ಳು ಕಲ್ಲಿನ ಮೇಲೂ ಕೊರೆಯುವ ಖದೀಮರಿದ್ದಾರೆ, ಕಾಗದವನ್ನೂ ಹಾಗೇ ಅಚ್ಚು ಹಾಕಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಮರುದಿನ ಬೆಳಗ್ಗೆ ಚಿನ್ನಯ್ಯ ಹೊಸ ಕಲ್ಲನ್ನು ತೂಗಿದರು, ಮೂವತ್ತೆಂಟು ಸೆಂಟು. ಬಿಳಿ ಬಟ್ಟೆ ಹಾಸಿ ಇಟ್ಟರು. ನಿಂಬೆರಸದಷ್ಟು ತಿಳಿಯಾದ ಹಳದಿ. ಕಾಗದದಲ್ಲಿದ್ದ ತೂಕ, ಬಣ್ಣ ಎರಡೂ ಕೂಡಿದವು. ಆದರೂ ಆಸೆ ಬಿಡಲಿಲ್ಲ. ಇದೇ ಸುಳ್ಳಾಗಲಿ ದೇವರೇ ಎಂದು ನಾನು ವೀರಭದ್ರಸ್ವಾಮಿಗೆ ಹರಕೆ ಹೊತ್ತೆ. ಅಂಗಡಿಯ ಕಲ್ಲು ಸುಳ್ಳಾಗಲಿ ಎಂದು ಹರಕೆ ಹೊತ್ತ ಮೊದಲ ಗುಮಾಸ್ತೆ ನಾನೇ ಇರಬೇಕು. ಕಲ್ಲನ್ನು ಮುಂಬೈಗೆ ಪರೀಕ್ಷೆಗೆ ಕಳಿಸಿದೆವು.

ಆ ಮೂರು ವಾರದಲ್ಲೇ ಅವರಿಗೆ ಕೈ ಕಾಣಿಸತೊಡಗಿದ್ದು. ನಡುಹಗಲಲ್ಲಿ, ಗಿರಾಕಿಗಳ ನಡುವೆ, ಗಾಜಿನ ಮೇಜಿನ ಮೇಲೆ ಹಳದಿ ಉಗುರಿನ ಒಂದು ಕೈ ಬಂದು ಅಂಗೈ ಮೇಲು ಮಾಡಿ ಇರುತ್ತದಂತೆ. "ಏನೂ ಕೇಳಲ್ಲ ತಂಗಿ, ಸುಮ್ಕೆ ಇರ್ತದೆ" ಎನ್ನುತ್ತಿದ್ದರು. ಆ ಜಾಗವನ್ನು ದಿನಕ್ಕೆ ಹತ್ತು ಸಲ ಒರೆಸುತ್ತಿದ್ದರು. ಭ್ರಮೆ ಕಣಣ್ಣ, ನಿದ್ದೆಗೆಟ್ಟಿದ್ದೀರಿ ಎಂದು ಬೈದೆ. ಆದರೆ ಒಂದು ಬೆಳಗ್ಗೆ ನಾನೇ ಬೀಗ ತೆಗೆದು ಒಳಗೆ ಹೋದಾಗ ಅಂಗಡಿಯ ತುಂಬ ಹಸಿ ಅರಿಶಿನದ ವಾಸನೆ. ಕಸ ಗುಡಿಸಿದೆ, ಊದುಬತ್ತಿ ಹಚ್ಚಿದೆ, ಹೋಗಲಿಲ್ಲ. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರಿಗೊಂದು ಜೊತೆಯಾದರೂ ಸಿಗುತ್ತಿತ್ತು.

ಮುಂಬೈಯಿಂದ ಉತ್ತರ ಬಂತು. ಆ ನಂಬರಿನ ಕಲ್ಲು ಇದೇ, ಬೇರೆ ಇಲ್ಲ. ಬೆಂಗಳೂರಿನ ದಲ್ಲಾಳಿ ಅಷ್ಟರಲ್ಲಿ ಅಂಗಡಿ ಮುಚ್ಚಿ ಎಲ್ಲಿ ಹೋಗಿದ್ದನೋ. ಮುರುಗೇಂದ್ರಪ್ಪನವರು ಇಬ್ಬರನ್ನೂ ಒಳಗೆ ಕರೆದು, "ಬಾಯಿಗೆ ಬೀಗ ಹಾಕ್ಕೊಂಡಿರ್ರಿ. ಮಣ್ಣಲ್ಲಿರೋರು ಯಾರೂ ಎದ್ದು ಬಂದು ವಾಪಸ್ ತಗೊಳ್ರಿ ಅನ್ನಲ್ಲ" ಎಂದರು. ಚಿನ್ನಯ್ಯ ಗಾಜಿನ ಮೇಜಿನ ಕಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಕಾರ್ತಿಕ ಬಂತು. ಬರುತ್ತಾರೆ ಎಂದು ಗೊತ್ತಿದ್ದರೂ, ಬಾಗಿಲಲ್ಲಿ ಜುಂಜಮ್ಮನ ಕಪ್ಪು ಕಂಬಳಿ ಕಂಡಾಗ ಬರೆಯುತ್ತಿದ್ದ ಬಿಲ್ಲನ್ನು ಅರ್ಧಕ್ಕೇ ಬಿಟ್ಟೆ. ಸುಮ್ಮನೆ ಓದಿ ಕಳಿಸಿಬಿಡ್ರಿ ಎಂದು ಚಿನ್ನಯ್ಯನವರ ಕಿವಿಯಲ್ಲಿ ಹೇಳಿದೆ. ನಾನು ಹೇಳಿದ್ದು ಅದನ್ನೇ, ಮುಚ್ಚಿಡುವುದಿಲ್ಲ. ಅವರು ಹೂಂ ಎಂದು ತಲೆಯಾಡಿಸಿದರು.

"ಓದಪ್ಪ" ಎಂದು ಜುಂಜಮ್ಮ ಬಟ್ಟೆ ಬಿಚ್ಚಿ ಕಾಗದ ಕೊಟ್ಟರು.

"ಒಕಟಿ, ಏಡು..." ಚಿನ್ನಯ್ಯ ಅಷ್ಟಕ್ಕೇ ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಅಲ್ಲೇ ನಿಂತರು. ಕಾಗದವನ್ನು ಮೇಜಿನ ಮೇಲಿಟ್ಟರು. "ಅಕ್ಕಾ, ಆ ಕೂಸಿನ ಕೈಯಾಗೆ ಇರೋ ಕಲ್ಲು ನಿಜದ್ದಲ್ಲ."

"ಲೇ ಚಿನ್ನಯ್ಯ" ಎಂದು ಮುರುಗೇಂದ್ರಪ್ಪನವರು ಎದ್ದು ನಿಂತರು. ಅವರು ತಿರುಗಿ ನೋಡಲಿಲ್ಲ. ಎರಡನೆಯ ಕಲ್ಲು ಬಂದದ್ದು, ತೂಗಿದ್ದು, ಮುಂಬೈಯವರು ಹೇಳಿದ್ದು, ಒಂದೂ ಬಿಡದೆ ಹೇಳಿದರು. ಜುಂಜಮ್ಮ ಕಂಬಳಿಯ ಅಂಚು ಹಿಡಿದುಕೊಂಡು ಕೇಳಿದರು.

"ಬದಲಿ ಮಾಡಿದ್ದು ನೀನಾ?"

"ಅಲ್ಲಕ್ಕ."

"ಗೊತ್ತಿದ್ದೂ ಕೊಟ್ಯಾ?"

"ಇಲ್ಲ."

"ಮತ್ತೆ ಏನು ಮಾಡ್ದೆ ನೀನು?"

ಚಿನ್ನಯ್ಯ ಗಾಜಿನ ಮೇಜಿನ ಮೇಲೆ ಎರಡೂ ಕೈ ಊರಿದರು. "ನೋಡ್ದೆ ಅಂದೆ" ಎಂದರು.

ಜುಂಜಮ್ಮ ಕಾಗದ ಎತ್ತಿಕೊಂಡು ಬಟ್ಟೆಯಲ್ಲಿ ಸುತ್ತಿದರು. ಅಳುತ್ತಾರೆ, ಇಲ್ಲ ಶಾಪ ಹಾಕುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ನನಗ್ಯಾಕೆ ಹೇಳ್ತೀಯಪ್ಪ ಇದನ್ನ? ಅವತ್ತು ಕೇಳಿದೋಳು ನಾನಾ? ಕೇಳಿದೋಳು ಅಲ್ಲಿದಾಳೆ. ನಡಿ" ಎಂದರು.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹೋದೆವು. ಚಿನ್ನಯ್ಯನವರೊಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆದೆವು. ಶೇಂಗಾ ಕಿತ್ತ ಹೊಲಗಳು ಬರಿದಾಗಿದ್ದವು. ಮೊಣಕಾಲು ಹಿಡಿದುಕೊಂಡು ಚಿನ್ನಯ್ಯ ದಾರಿಯಲ್ಲಿ ಎರಡು ಕಡೆ ಕೂತರು. ಜುಂಜಮ್ಮ ಅವಸರ ಮಾಡದೆ ನಿಂತುಕೊಂಡರು.

ಸಮಾಧಿಯ ಕಲ್ಲುಗುಡ್ಡೆಯ ಸುತ್ತ ಹಾಕಿದ್ದ ಮುಳ್ಳು ಸರಿಸಿ ಜುಂಜಮ್ಮ ತಲೆದೆಸೆಯಲ್ಲಿ ಕೂತರು. ಕಲ್ಲಿನ ಮೇಲೆ ಕೈಯಿಟ್ಟು, "ಶಿಲ್ಪಾ, ನಿಮ್ಮ ಚಿನ್ನಯ್ಯ ಮಾವ ಬಂದವ್ರೆ. ಏನೋ ಹೇಳ್ಬೇಕಂತೆ, ಕೇಳಿಸ್ಕೋ" ಎಂದರು.

ಚಿನ್ನಯ್ಯ ಚಪ್ಪಲಿ ಬಿಟ್ಟು ಕಾಲದೆಸೆಯಲ್ಲಿ ನಿಂತರು. ಹೇಳಿದ್ದು ಕನ್ನಡವೋ ತೆಲುಗೋ ಎಂದು ಮೊದಲು ನನಗೆ ತಿಳಿಯಲಿಲ್ಲ.

"ಕೂಸೇ, ನೀನು ಅವತ್ತು ಕೇಳ್ದೆ. ನಾನು ನಂಬರು ಓದಿದ್ದಷ್ಟೇ. ಕಲ್ಲು ನೋಡಿರಲಿಲ್ಲ. ಬಣ್ಣ ಕೂಡಲಿಲ್ಲ ಅಂತ ಕಂಡಿತ್ತು, ಆದ್ರೂ ನೋಡ್ದೆ ಅಂತ ಸುಳ್ಳು ಹೇಳ್ಬಿಟ್ಟೆ. ನಿನ್ನ ಮದುವೆ ನಿಲ್ಸಿ ಅದನ್ನ ತೊಳೀಬೇಕಾಗಿತ್ತು ನಾನು."

ಬಣ್ಣ ಓದಿ ಸುಮ್ಮನಾದವಳು ನಾನು, ನಾನೂ ಹೇಳಬೇಕಾಗಿತ್ತು. ಪೇಟೆಗೆಲ್ಲ ಹೆದರದ ಈ ಬಾಯಿ ಅಲ್ಲಿ ಏಳಲಿಲ್ಲ. ಗಾಳಿಗೆ ಮುಳ್ಳಿನ ಕಡ್ಡಿಗಳು ಒಂದಕ್ಕೊಂದು ತಾಗುತ್ತಿದ್ದವು. ಜುಂಜಮ್ಮ ಕಣ್ಣು ಮುಚ್ಚಿ, ಕಲ್ಲಿನ ಮೇಲಿನ ಕೈ ತೆಗೆಯದೆ, ಕೂತೇ ಇದ್ದರು.

"ಏನಂದ್ಳಕ್ಕ?" ಎಂದು ಕೇಳಿದರು ಚಿನ್ನಯ್ಯ.

ಜುಂಜಮ್ಮ ಕೈಯ ಮಣ್ಣು ಕೊಡವಿಕೊಂಡು ಎದ್ದರು. "ಏನೂ ಅನ್ಲಿಲ್ಲಪ್ಪ. ದೊಡ್ಡೋರು ಏನು ಹೇಳಿದ್ರೂ ನಂಬೋ ಕೂಸು ಅದು."